'ಆದ್ದರಿಂದ' ಎಲ್ಲಿದೆ, ಹುಡುಕಿ: ಕ್ರೈಸ್ತ ಸಿದ್ಧಾಂತದ ಪುಸ್ತಕ ಓದುವುದು ಹೇಗೆ?

ಕ್ರೈಸ್ತ ಸಿದ್ಧಾಂತ ಮತ್ತು ಇಂದಿನ ಸಮಾಜದ ಬಗೆಗಿನ ಪುಸ್ತಕ ಹಿಡಿದ ಹಲವರು ಐವತ್ತು ಪುಟಕ್ಕೇ ಕೈಬಿಡುತ್ತಾರೆ. ಒಂದು ಪುಟದಲ್ಲಿ ತ್ರಿಯೇಕ ದೇವರ ಮಾತು, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ನಂಬಿಕೆ. ಮುಂದಿನ ಪುಟದಲ್ಲಿ ಕೂಲಿ, ಯುದ್ಧ, ಪರಿಸರ. ಇದಕ್ಕೂ ಅದಕ್ಕೂ ಏನು ನಂಟು ಅನ್ನಿಸುತ್ತದೆ, ಅಲ್ವಾ? ಆ ನಂಟನ್ನು ಹುಡುಕುವುದೇ ಈ ಓದಿನ ಕೆಲಸ.

ಮೊದಲು ವರ್ಷ ನೋಡಿ. ಮರುಮುದ್ರಣದ ವರ್ಷ ಅಲ್ಲ, ಬರೆದ ವರ್ಷ. 410ರಲ್ಲಿ ವಿಸಿಗೋಥರು ಎಂಬ ಜರ್ಮನಿಕ್ ಬುಡಕಟ್ಟಿನವರು ರೋಮ್ ನಗರವನ್ನು ಲೂಟಿ ಮಾಡಿದರು. ಹಳೆಯ ದೇವರುಗಳನ್ನು ಬಿಟ್ಟಿದ್ದಕ್ಕೇ ಹೀಗಾಯಿತು ಎಂಬ ದೂರು ಕ್ರೈಸ್ತರ ಮೇಲೆ ಬಂತು. ಅದಕ್ಕೆ ಉತ್ತರವಾಗಿ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ 'ದೇವರ ನಗರ' ಎಂಬ ಪುಸ್ತಕ ಬರೆಯಲು ಕುಳಿತರು. ಅದರ 22 ಭಾಗಗಳಲ್ಲಿ ಮೊದಲ ಹತ್ತು ಈ ವಾದಕ್ಕೇ ಮೀಸಲು. ಈ ಹಿನ್ನೆಲೆ ಗೊತ್ತಿಲ್ಲದಿದ್ದರೆ ಆ ಪುಟಗಳು ಸುಮ್ನೆ ಜಗಳದಂತೆ ಕಾಣುತ್ತವೆ.

ಆಮೇಲೆ ನಾಲ್ಕೈದು ಪದಗಳನ್ನು ಬರೆದಿಟ್ಟುಕೊಳ್ಳಿ: ಪಾಪ, ಕೃಪೆ, ರಕ್ಷಣೆ, ಅವತಾರ, ದೇವರ ರಾಜ್ಯ. ಇವು ನಮಗೆ ಮೊದಲೇ ಗೊತ್ತಿರುವ ಪದಗಳು, ಅದಕ್ಕೇ ಎಡವುತ್ತೇವೆ. 'ಅಯ್ಯೋ ಪಾಪ' ಅನ್ನುವಾಗಿನ ಪಾಪ ಇದಲ್ಲ. ಅವತಾರ ಅಂದಕೂಡಲೇ ನಮಗೆ ಹತ್ತು ಅವತಾರ ನೆನಪಾಗುತ್ತವೆ. ಕ್ರೈಸ್ತ ನಂಬಿಕೆಯಲ್ಲಿ ದೇವರು ಮನುಷ್ಯನಾದದ್ದು ಒಂದೇ ಸಲ, ಯೇಸುವಿನಲ್ಲಿ. ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ ಎಂದು 451ರಲ್ಲಿ ಕಾಲ್ಸೆಡನ್‌ನಲ್ಲಿ ಸೇರಿದ ಬಿಷಪ್‌ಗಳ ಸಭೆ ಹೇಳಿತು.

ಈಗ ಮುಖ್ಯ ಹೆಜ್ಜೆ. ಪೆನ್ಸಿಲ್ ಹಿಡಿದು 'ಆದ್ದರಿಂದ' ಎಲ್ಲಿ ಬರುತ್ತದೆ ಎಂದು ಹುಡುಕಿ. ಸಿದ್ಧಾಂತ ಸಮಾಜದೊಳಗೆ ಕಾಲಿಡುವುದು ಅಲ್ಲಿಯೇ. ಅಭ್ಯಾಸಕ್ಕೆ 1891ರಲ್ಲಿ ಪೋಪ್ 13ನೇ ಲಿಯೋ ಕಾರ್ಮಿಕರ ಬಗ್ಗೆ ಬರೆದ 'ರೇರುಮ್ ನೊವಾರುಮ್' ಪತ್ರ ತೆಗೆದುಕೊಳ್ಳಿ. ಚಿಕ್ಕದು, ಇಂದಿನ ಮುದ್ರಣಗಳಲ್ಲಿ ಪ್ಯಾರಾಗಳಿಗೆ ಸಂಖ್ಯೆಯೂ ಇದೆ. ಮನುಷ್ಯನ ಆತ್ಮ ದೇವರ ಸ್ವರೂಪದಲ್ಲಿ ಉಂಟಾಗಿದೆ ಎನ್ನುವುದು ಅದರ ನಂಬಿಕೆ. ಆದ್ದರಿಂದ ಕೆಲಸಗಾರನನ್ನು ವಸ್ತುವಿನಂತೆ ಬಳಸಬಾರದು. ಆದ್ದರಿಂದ ಇಬ್ಬರೂ ಒಪ್ಪಿದ ಕೂಲಿ ಎಂದರಷ್ಟೇ ಸಾಲದು, ಅದು ಬದುಕು ನಡೆಸಲು ಸಾಕಾಗಬೇಕು. ಒಂದು ಪುರಾತನ ನಂಬಿಕೆ ಕಾರ್ಖಾನೆಯ ಬಾಗಿಲಿಗೆ ಬಂದು ನಿಂತದ್ದು ನಿಮ್ಮ ಕಣ್ಣಿಗೇ ಕಾಣುತ್ತದೆ. ಇಂಥ ಪುಟ ಓದಿದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ಎಲ್ಲ 'ಆದ್ದರಿಂದ'ಗಳೂ ಒಂದೇ ಗಟ್ಟಿ ಇರುವುದಿಲ್ಲ. ಇದೇ ಪತ್ರ ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿದು ಸಮಾಜವಾದವನ್ನು ತಳ್ಳಿಹಾಕುತ್ತದೆ. ಅಲ್ಲಿನ ವಾದ ಜಾಸ್ತಿ ನಿಂತಿರುವುದು ಮನುಷ್ಯ ಸ್ವಭಾವ ಮತ್ತು ತರ್ಕದ ಮೇಲೆ. ಅಂಚಿನಲ್ಲಿ ಒಂದು ಗುರುತು ಹಾಕಿ: ಇದು ನಂಬಿಕೆಯಿಂದ ಬಂತೋ, ತರ್ಕದಿಂದಲೋ, ಆ ಕಾಲದ ಭಯದಿಂದಲೋ? ಲೇಖಕರ ನಂಬಿಕೆಯನ್ನು ಒಪ್ಪಿಯೂ, ಅದರಿಂದ ಸಮಾಜಕ್ಕೆ ಅವರು ಕಟ್ಟಿದ ಈ 'ಆದ್ದರಿಂದ'ದ ಸೇತುವೆಯನ್ನು ಒಪ್ಪದಿರಬಹುದು. ನಂಬಿಕೆಯೇ ಇಲ್ಲದವರೂ ಕೂಲಿಯ ಮಾತನ್ನು ಒಪ್ಪಬಹುದು.

13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಅವರನ್ನು ಓದುವವರಿಗೆ ಒಂದು ಎಚ್ಚರಿಕೆ. ಅವರು ಪ್ರತಿ ಪ್ರಶ್ನೆಯಲ್ಲೂ ಎದುರಾಳಿಯ ವಾದವನ್ನೇ ಮೊದಲು ಇಡುತ್ತಾರೆ. 'ನನ್ನ ಉತ್ತರ' ಅನ್ನುವ ಸಾಲಿನವರೆಗೆ ಕಾಯಿರಿ.

ಕೊನೆಯದು ಕಷ್ಟದ ಹೆಜ್ಜೆ. ಪುಸ್ತಕ ಏನು ಹೇಳಲಿಲ್ಲ ಎಂದು ನೋಡಿ. 1934ರಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ಪ್ರಾಟೆಸ್ಟಂಟ್ ಚರ್ಚ್‌ಗಳ ಪ್ರತಿನಿಧಿಗಳು ಒಂದು ಘೋಷಣೆ ಹೊರಡಿಸಿದರು. ಅದರ ಮುಖ್ಯ ಬರಹಗಾರ ಸ್ವಿಟ್ಜರ್ಲೆಂಡ್‌ನ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್. ಚರ್ಚ್ ಕೇಳಬೇಕಾದ ದೇವರ ವಾಕ್ಯ ಯೇಸು ಒಬ್ಬನೇ ಎಂದು ಅದು ಹೇಳಿತು. ಹಿಟ್ಲರನ ಆಳ್ವಿಕೆಯಲ್ಲಿ ಅದು ಧೈರ್ಯದ ಮಾತು. ಆದರೂ ಅದರ ಆರು ಅಂಶಗಳಲ್ಲಿ ಯೆಹೂದ್ಯರ ಬಗ್ಗೆ ಒಂದು ಸಾಲೂ ಇಲ್ಲ. ಆ ಮೌನ ತನ್ನ ತಪ್ಪು ಎಂದು ಬಾರ್ತ್ ಅವರೇ 1967ರಲ್ಲಿ ಒಂದು ಪತ್ರದಲ್ಲಿ ಒಪ್ಪಿಕೊಂಡರು. ನೀವೂ ಪುಸ್ತಕ ಮುಚ್ಚುವ ಮುಂಚೆ ಕೊನೆಯ ಖಾಲಿ ಹಾಳೆಯಲ್ಲಿ ಬರೆದಿಡಿ: ಇಲ್ಲಿ ಯಾರ ಹೆಸರು ಬರಬೇಕಿತ್ತು, ಬರಲಿಲ್ಲ?