ಕೊನೆಯ ಸೀಟು ಎಷ್ಟಕ್ಕೆ ನಿಂತಿತು?

2019ರ ಏಪ್ರಿಲ್‌ನಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ಬೆಂಗಳೂರಿನ ಲಗ್ಗೆರೆಯ ನಮ್ಮ ವಠಾರದಲ್ಲಿ ಅಮ್ಮ ಮೈಸೂರುಪಾಕು ಹಂಚಿದರು. 600ಕ್ಕೆ 380, ಪ್ರಥಮ ದರ್ಜೆ. ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತ ಅಪ್ಪ ಅಂಕಪಟ್ಟಿಯ ಮುದ್ರಿತ ಪ್ರತಿಯನ್ನು ಅಂಗಿಯ ಜೇಬಿನಲ್ಲಿ ಮಡಚಿಟ್ಟುಕೊಂಡು ರಾತ್ರಿ ಪಾಳಿಗೆ ಹೋದರು. ಆ ಸಂತೋಷ ಹನ್ನೆರಡು ದಿನ ಬಾಳಿತು.

ಹದಿಮೂರನೆಯ ದಿನ ಒಂದು ನರ್ಸಿಂಗ್ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರು ನನ್ನ ಅಂಕಪಟ್ಟಿಯ ಮೇಲೆ ಪೆನ್ಸಿಲ್ ಆಡಿಸಿದರು. ಕನ್ನಡದ 96ರ ಮೇಲೆ ಒಂದು ಗೆರೆ, ಇಂಗ್ಲಿಷಿನ 70ರ ಮೇಲೆ ಒಂದು, ಗಣಿತದ 41ರ ಮೇಲೆ ಇನ್ನೊಂದು. ಉಳಿದದ್ದು ಭೌತಶಾಸ್ತ್ರ 52, ರಸಾಯನಶಾಸ್ತ್ರ 50, ಜೀವಶಾಸ್ತ್ರ 71. "ನಿಮ್ಮದು 173 ಅಮ್ಮ, ಮುನ್ನೂರಕ್ಕೆ. ಇಲ್ಲಿ ಪಿಸಿಬಿ, ಈ ಮೂರು ವಿಷಯ ಮಾತ್ರ ನೋಡುವುದು" ಎಂದರು. ಶೇ 63 ಎಂದು ಬೀಗುತ್ತಿದ್ದವಳು ಅಲ್ಲಿಯೇ ಶೇ 57ಕ್ಕೆ ಇಳಿದೆ. ಹೊರಗೆ ಬಂದು ಬಸ್‌ನಿಲ್ದಾಣದಲ್ಲಿ ಕೂತು ಅತ್ತೆ. ಅಪ್ಪನ ಜೇಬಿನ ಕಾಗದ ನೆನಪಾಗಿ ಇನ್ನಷ್ಟು ಅತ್ತೆ.

ಬಿಎಸ್ಸಿ ನರ್ಸಿಂಗ್‌ಗೆ ಅರ್ಜಿ ಹಾಕಲು ಪಿಸಿಬಿಯಲ್ಲಿ ಶೇ 45 ಇದ್ದರೆ ಸಾಕಿತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40. ಈ ಸಂಖ್ಯೆಯನ್ನು ಎಲ್ಲೋ ಓದಿ ನಾನು ನಿಶ್ಚಿಂತೆಯಿಂದಿದ್ದೆ. ಅರ್ಹತೆ ಬೇರೆ, ಸೀಟು ಬೇರೆ ಎಂದು ಮನೆಯಲ್ಲಿ ಹೇಳುವವರು ಯಾರಿದ್ದರು? ಕಾಲೇಜುಗಳ ಸಾಲಿನಲ್ಲಿ ನನ್ನ ಮುಂದೆ ಹಿಂದೆ ನಿಂತವರಲ್ಲಿ ಕೇರಳದಿಂದ ಬಂದ ಹುಡುಗಿಯರೇ ಹೆಚ್ಚು. ಅವರ ಕಡತಗಳಲ್ಲಿ 85, 90 ಎಂಬ ಅಂಕಿಗಳು ಇಣುಕುತ್ತಿದ್ದವು. ದೊಡ್ಡಮ್ಮನ ಮಗಳಿಗೆ ಶೇ 91 ಬಂದಿತ್ತು. ದೊಡ್ಡಮ್ಮ ದಿನಕ್ಕೊಮ್ಮೆ ಫೋನ್ ಮಾಡಿ "ನಿನ್ನದು ಏನಾಯಿತಮ್ಮ?" ಎಂದು ಕೇಳುತ್ತಿದ್ದರು. ನಿಜವಾದ ಕಾಳಜಿಯೇ ಇರಬಹುದು, ಆದರೆ ಆ ವರ್ಷ ನನಗೆ ಹಾಗೆ ಕೇಳಿಸಲಿಲ್ಲ.

ಮೊದಲು ಮಾಡಿದ್ದು ಅಂಕಗಳ ಜೊತೆ ಜಗಳ. ಭೌತಶಾಸ್ತ್ರದಲ್ಲಿ ಮೋಸವಾಗಿದೆ ಎಂದು ಮನಸ್ಸು ಹಟ ಹಿಡಿಯಿತು. 530 ರೂಪಾಯಿ ಕಟ್ಟಿ ಉತ್ತರ ಪತ್ರಿಕೆಯ ಪ್ರತಿ ತರಿಸಿ ನಮ್ಮ ಉಪನ್ಯಾಸಕರ ಮುಂದೆ ಇಟ್ಟೆ. ಪ್ರಾಯೋಗಿಕದಲ್ಲಿ 30ಕ್ಕೆ 28 ಇತ್ತು, ಲಿಖಿತದಲ್ಲಿ 70ಕ್ಕೆ 24. ಅವರು ಪುಟ ತಿರುವುತ್ತಾ ಹೋಗಿ ಕೊನೆಗೆ ಕನ್ನಡಕ ತೆಗೆದು, "ನಾನಾಗಿದ್ದರೆ 22 ಕೊಡುತ್ತಿದ್ದೆ" ಎಂದರು. ಮರುಮೌಲ್ಯಮಾಪನಕ್ಕೆ ಕಟ್ಟಬೇಕಾಗಿದ್ದ 1,670 ರೂಪಾಯಿ ಹೀಗೆ ಉಳಿಯಿತು. ಅಂಕದ ಮೇಲೆ ಅನುಮಾನ ಇರುವವರು ಮೊದಲು ಪ್ರತಿ ತರಿಸಿ, ಮುಖಸ್ತುತಿ ಮಾಡದ ಒಬ್ಬರಿಗೆ ತೋರಿಸಿ ಎಂದು ಈಗಲೂ ಹೇಳುತ್ತೇನೆ.

ಆ ಸಂಜೆ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡೆ. ಮಾಡಿದ ಕೆಲಸ ಇಷ್ಟೇ: ಪ್ರತಿ ಕಾಲೇಜಿಗೆ ಒಂದು ಪುಟ. ಅಲ್ಲಿ ಯಾವ ಅಂಕ ನೋಡುತ್ತಾರೆ, ಪ್ರವೇಶ ಪರೀಕ್ಷೆ ಇದೆಯೇ, ಸಂದರ್ಶನ ಇದೆಯೇ, ವಾರ್ಡ್ ತರಬೇತಿಗೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಶುಲ್ಕ ಎಷ್ಟು, ಲಗ್ಗೆರೆಯಿಂದ ಎಷ್ಟು ಬಸ್ ಬದಲಿಸಬೇಕು. ಎಲ್ಲಕ್ಕಿಂತ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ: ಕಳೆದ ವರ್ಷ ಕೊನೆಯ ಸೀಟು ಎಷ್ಟಕ್ಕೆ ನಿಂತಿತು?

ಈ ಪ್ರಶ್ನೆ ಹೊಳೆದದ್ದು ಆಕಸ್ಮಿಕ. ಕಾಲೇಜಿನ ಗೋಡೆಗಳ ಮೇಲೆ ಮೊದಲ ಮೂರು ಸ್ಥಾನದವರ ಭಾವಚಿತ್ರಗಳಿರುತ್ತವೆ. ಅವರನ್ನು ನೋಡಿ ನೋಡಿ ನನಗೆ ಜ್ವರ ಬಂದಂತಾಗಿತ್ತು. ಒಂದು ದಿನ ಕೋಟೆ ಪ್ರದೇಶದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರ ಚಹಾ ಕುಡಿಯುತ್ತಿದ್ದ ಇಬ್ಬರು ವಿದ್ಯಾರ್ಥಿನಿಯರ ಜೊತೆ ಮಾತಿಗಿಳಿದೆ. ಅವರಲ್ಲೊಬ್ಬಳು ನಗುತ್ತಾ, "ನಮ್ಮ ಬ್ಯಾಚಿನಲ್ಲಿ ಕೊನೆಯವಳು ನಾನೇ" ಎಂದು ತನ್ನ ಪಿಸಿಬಿ ಅಂಕ ಹೇಳಿದಳು. ನನಗಿಂತ ಆರು ಅಂಕ ಮಾತ್ರ ಹೆಚ್ಚು! ನಾನು ಅಲ್ಲಿಯವರೆಗೆ ಗೋಡೆಯ ಮೇಲಿನವರ ಜೊತೆ ಓಡುತ್ತಿದ್ದೆ. ಸೀಟು ಕೊಡಿಸುವುದು ಈ ಕೊನೆಯವಳ ಅಂಕ. ಅಂದಿನಿಂದ ಪ್ರತಿ ಕಚೇರಿಯಲ್ಲಿಯೂ ಅದೊಂದನ್ನೇ ಕೇಳಿದೆ. ಕೆಲವರು ಗದರಿದರು, ಬಹಳಷ್ಟು ಮಂದಿ ಹೇಳಿದರು. ಹೀಗೆ ಹದಿನಾಲ್ಕು ಪುಟಗಳಲ್ಲಿ ನನ್ನ ಅಂಕಕ್ಕೆ ಎಟುಕದ ಎಂಟನ್ನು ಹರಿದೆ. ಮನಸ್ಸು ಹಗುರಾದದ್ದು ಆ ಎಂಟು ಪುಟ ಹರಿದಾಗಲೇ.

ಅದೇ ವಾರ ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಬಂದೆ. ಯಾರಿಗೆ ಎಲ್ಲಿ ಸೀಟಾಯಿತು ಎಂಬ ಸುದ್ದಿ ರಾತ್ರಿ ಹನ್ನೊಂದಕ್ಕೆ ಬೇಕಿರಲಿಲ್ಲ.

ನಿಮ್ಹಾನ್ಸ್‌ನ ಬಿಎಸ್ಸಿ ನರ್ಸಿಂಗ್‌ಗೆ ಆಗ ಅದರದೇ ಪ್ರವೇಶ ಪರೀಕ್ಷೆ ಇತ್ತು. ಅದನ್ನೂ ಬರೆದೆ. ಮೂರು ವಾರ ಓದಿದ್ದೆ, ಮೂರು ವಾರದ ಓದಿಗೆ ಸಿಗಬೇಕಾದ ಫಲ ಸಿಕ್ಕಿತು. ಇನ್ನೊಂದು ಕಾಲೇಜಿನಲ್ಲಿ ಸಂದರ್ಶನವಿತ್ತು. ಅಲ್ಲಿ ನನಗೆ ಅಂಕಪಟ್ಟಿಯ ಹೊರಗಿನ ಮಾತು ಆಡಲು ಮೊದಲ ಬಾರಿಗೆ ಅವಕಾಶ ಸಿಕ್ಕಿತು. ಪಾರ್ಶ್ವವಾಯು ಆಗಿ ಮಲಗಿದ್ದ ಅಜ್ಜಿಗೆ ಬೆನ್ನಿನಲ್ಲಿ ಹಾಸಿಗೆ ಹುಣ್ಣಾದದ್ದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಸರ್ಕಾರಿ ಆಸ್ಪತ್ರೆಯ ಒಬ್ಬ ಸಿಸ್ಟರ್ ಕಲಿಸಿಕೊಟ್ಟದ್ದು, ನಾನು ಮತ್ತು ಅಮ್ಮ ಅಲಾರಂ ಇಟ್ಟು ರಾತ್ರಿ ಎದ್ದದ್ದು, ಇವನ್ನು ಹೇಳಿದೆ. ಎದುರಿಗಿದ್ದ ಪ್ರಾಂಶುಪಾಲರು, "ಹುಣ್ಣು ಮೊದಲು ಯಾವ ಬಣ್ಣಕ್ಕೆ ತಿರುಗಿತು?" ಎಂದು ಕೇಳಿದರು. "ಕೆಂಪು. ಬೆರಳಿಂದ ಒತ್ತಿದರೂ ಬಿಳಿಚಿಕೊಳ್ಳುತ್ತಿರಲಿಲ್ಲ" ಎಂದೆ. ಅವರು ಏನನ್ನೋ ಬರೆದುಕೊಂಡರು. ಕಾಯುವವರ ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನ ಬಂದಿತು.

ಕಾಯುವವರ ಪಟ್ಟಿ ಎಂಬುದು ಜೀವಂತ ವಸ್ತು. ವೈದ್ಯಕೀಯ, ಆಯುರ್ವೇದ ಕೋರ್ಸುಗಳ ಸೀಟು ಹಂಚಿಕೆ ನಡೆದಂತೆಲ್ಲ ಮೇಲಿನವರು ಜಾಗ ಖಾಲಿ ಮಾಡುತ್ತಾರೆ. ಫೋನಿನಲ್ಲಿ ಕೇಳಿದರೆ "ತಿಳಿಸುತ್ತೇವೆ" ಎನ್ನುತ್ತಾರೆ. ಖುದ್ದಾಗಿ ಹೋದರೆ ರಿಜಿಸ್ಟರ್ ತೆರೆಯುತ್ತಾರೆ. ವಾರಕ್ಕೆರಡು ಸಲ ಹೋದೆ. ಒಂಬತ್ತು ಐದಾಯಿತು, ಐದು ಮೂರಾಯಿತು, ಅಲ್ಲಿಗೆ ನಿಂತಿತು.

ಈ ನಡುವೆ ಏಜೆಂಟರೊಬ್ಬರು ಮನೆಗೇ ಬಂದರು. ಅಪ್ಪನ ಹತ್ತು ತಿಂಗಳ ಸಂಬಳದಷ್ಟು ಡೊನೇಷನ್ ಕೊಟ್ಟರೆ ಸೀಟು ಖಚಿತ, ಮೂಲ ಅಂಕಪಟ್ಟಿಗಳನ್ನು ಇಂದೇ ಕೊಡಿ ಎಂದರು. ಅಪ್ಪ ಒಳಗೆ ಹೋಗಿ ಟ್ರಂಕಿನ ಬೀಗ ತೆಗೆಯುವಷ್ಟರಲ್ಲಿ ನಾನು ಅಡ್ಡ ಬಂದೆ. ನನ್ನ ಗೆಳತಿಯೊಬ್ಬಳು ಹಿಂದಿನ ವರ್ಷ ಒಂದು ಕಾಲೇಜಿಗೆ ಹೀಗೆ ಮೂಲ ದಾಖಲೆ ಕೊಟ್ಟು, ಬೇರೆ ಕಡೆ ಸೀಟು ಸಿಕ್ಕಾಗ ಅವನ್ನು ಹಿಂಪಡೆಯಲು ಪೂರ್ತಿ ಕೋರ್ಸಿನ ಶುಲ್ಕ ಕೊಡಿ ಎನ್ನಿಸಿಕೊಂಡಿದ್ದಳು. ಸೀಟು ಕೈಗೆ ಬರುವವರೆಗೆ ದೃಢೀಕರಿಸಿದ ನಕಲು ಪ್ರತಿ ಸಾಕು. ಈ ಒಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಕೊನೆಗೆ ಜಿಎನ್‌ಎಂ ಆರಿಸಿಕೊಂಡೆ. ನರ್ಸಿಂಗ್ ಮತ್ತು ಹೆರಿಗೆ ಶುಶ್ರೂಷೆಯ ಮೂರು ವರ್ಷದ ಡಿಪ್ಲೊಮಾ. ಮುಗಿಸಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾದರೆ ನರ್ಸ್ ಆಗಿ ಕೆಲಸ ಮಾಡಬಹುದು, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಓದಬಹುದು. ನಾಲ್ಕು ವರ್ಷದ ದಾರಿ ಐದಾಗುತ್ತದೆ, ಆದರೆ ನಡುವೆ ಸಂಬಳ ಬರುತ್ತದೆ. "ಡಿಪ್ಲೊಮಾ ಅಷ್ಟೆಯೇ?" ಎಂದರು ದೊಡ್ಡಮ್ಮ. ಒಂದು ವರ್ಷ ಕಾದು ಮತ್ತೆ ಬಿಎಸ್ಸಿಗೆ ಪ್ರಯತ್ನಿಸಬಹುದಿತ್ತೇ? ಖಂಡಿತ ಇತ್ತು. ಆ ಪ್ರಶ್ನೆ ಮೊದಲ ಆರು ತಿಂಗಳು ಹಾಸ್ಟೆಲಿನ ಮಂಚದ ಮೇಲೆ ನನ್ನ ಜೊತೆಗೇ ಮಲಗುತ್ತಿತ್ತು. ಆಮೇಲೆ ಕೋವಿಡ್ ಬಂದು ಎಲ್ಲರ ಪ್ರಶ್ನೆಗಳನ್ನೂ ಬದಲಿಸಿತು.

2023ರಲ್ಲಿ ಪೋಸ್ಟ್ ಬೇಸಿಕ್‌ಗೆ ಸೇರಲು ಹೋದಾಗ ಕಚೇರಿಯವರು ಪಿಯುಸಿ ಅಂಕಪಟ್ಟಿಯನ್ನು ಹೆಸರು, ಹುಟ್ಟಿದ ದಿನಾಂಕ ತಾಳೆ ನೋಡಲು ಬಳಸಿ ಪಕ್ಕಕ್ಕಿಟ್ಟರು. ನೋಂದಣಿ ಪತ್ರವನ್ನು ಮಾತ್ರ ಎರಡೆರಡು ಬಾರಿ ನೋಡಿದರು.

ಆ ವರ್ಷದಿಂದಲೇ ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗ್‌ಗೂ ಸಿಇಟಿ ಬಂದಿದೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪಿಯುಸಿಗೂ 2024ರಿಂದ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ನನಗೆ ಇಲ್ಲದಿದ್ದ ಈ ಎರಡನೇ ಅವಕಾಶದ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚು ಇದೆ ಎಂದು ಒಪ್ಪಿಕೊಳ್ಳುತ್ತೇನೆ.

ಈಗ ಚಿಕ್ಕಪ್ಪನ ಮಗಳು ಪಿಯುಸಿ ಮುಗಿಸಿದ್ದಾಳೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ. ಕನ್ನಡ ಮಾಧ್ಯಮದಲ್ಲಿ ಓದಿದವರಿಗಿರುವ ಮೀಸಲಾತಿಗೆ ಮುಖ್ಯೋಪಾಧ್ಯಾಯರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಇರುವ ಪ್ರಮಾಣಪತ್ರವನ್ನು, ನಾಡಕಚೇರಿಯ ಜಾತಿ, ಆದಾಯ ಪತ್ರವನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿ ಇಡಲು ಹೇಳಿದ್ದೆ. ಮಾಡಿಸಿದ್ದಾಳೆ. ರಸಾಯನಶಾಸ್ತ್ರದಲ್ಲಿ ಎರಡನೇ ಪರೀಕ್ಷೆ ಬರೆದು ಹದಿನಾಲ್ಕು ಅಂಕ ಏರಿಸಿಕೊಂಡಿದ್ದಾಳೆ. ನಿನ್ನೆ ರಾತ್ರಿ ಪಾಳಿಯ ನಡುವೆ ಅವಳ ಸಂದೇಶ ಬಂದಿತು: "ಅಕ್ಕ, ಹನ್ನೊಂದು ಕಾಲೇಜಿನ ಕೊನೆಯ ರ್‍ಯಾಂಕ್ ಸಿಕ್ಕಿದೆ. ನಿನ್ನ ಹಳೆಯ ನೋಟ್‌ಬುಕ್‌ನಲ್ಲಿ ಖಾಲಿ ಪುಟ ಉಳಿದಿವೆಯಾ?"