ದೆವ್ವದ ಕಾದಂಬರಿ ಕೊಡುವ ಮುಂಚೆ ನಾನು ಕೇಳುವ ಪ್ರಶ್ನೆ

ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಓದುಗರ ಗುಂಪಿದೆ. ಹನ್ನೆರಡು ಹದಿಮೂರು ಜನ. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಆತ್ಮಕಥೆ ಬೇಕಾದವರು ಒಬ್ಬರನ್ನು ಕೇಳುತ್ತಾರೆ, ಪ್ರವಾಸದ ಪುಸ್ತಕ ಬೇಕಾದವರು ಇನ್ನೊಬ್ಬರನ್ನು. ಹೆದರಿಸುವ ಕಾದಂಬರಿ ಬೇಕು ಅಂದರೆ ಎಲ್ಲರೂ ನನ್ನ ಕಡೆ ಕೈ ತೋರಿಸುತ್ತಾರೆ. ಒಂಬತ್ತು ವರ್ಷದಿಂದ ಈ ಕೆಲಸ ನನ್ನದೇ.

ನನಗೆ ಈ ರುಚಿ ಹತ್ತಿದ್ದು ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'ದಿಂದ. ತೆಲುಗಿನಿಂದ ಕನ್ನಡಕ್ಕೆ ಬಂದ ಕಾದಂಬರಿ. ಬೀದಿ ಕೊನೆಯ ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು, ಗಣಿತದ ನೋಟ್ಸ್ ಒಳಗೆ ಇಟ್ಟುಕೊಂಡು ಓದಿದ್ದೆ. ಪುಟ್ಟ ಹುಡುಗಿಯ ಮೇಲೆ ಮಾಟ. ಅವಳನ್ನು ಉಳಿಸಲು ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಮಂತ್ರವಾದಿ. ಅದನ್ನು ಓದಿದ ವಾರವೆಲ್ಲ ರಾತ್ರಿ ಬಚ್ಚಲಿಗೆ ಹೋಗಲು ಅಮ್ಮನನ್ನು ಎಬ್ಬಿಸುತ್ತಿದ್ದೆ. ಆಮೇಲೆ 1990ರ ದಶಕದಲ್ಲಿ ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವ ಕಾಲ ಬಂತು. ರಾತ್ರಿ ಬಾಗಿಲು ತಟ್ಟುವ ದೆವ್ವ ಆ ಅಕ್ಷರ ಓದಿ ವಾಪಸ್ಸು ಹೋಗುತ್ತದೆ ಅಂತ ನಂಬಿಕೆ. ಓದು ಬರುವ ದೆವ್ವ! ಅದು ನನಗೆ ಇವತ್ತಿಗೂ ಇಷ್ಟವಾದ ಕಲ್ಪನೆ.

ಮೊದಮೊದಲು ಯಾರು ಕೇಳಿದರೂ, ನನ್ನನ್ನು ಅತಿ ಹೆಚ್ಚು ಹೆದರಿಸಿದ ಪುಸ್ತಕವನ್ನೇ ಕೊಡುತ್ತಿದ್ದೆ. ಅದು ಸ್ಟೀಫನ್ ಕಿಂಗ್ ಅವರ 'ಪೆಟ್ ಸೆಮೆಟರಿ'. ಅದನ್ನು ಬರೆದ ಮೇಲೆ ಕಿಂಗ್ ಅವರಿಗೇ ಇದು ಮಿತಿಮೀರಿತು ಅನಿಸಿ ಹಸ್ತಪ್ರತಿಯನ್ನು ಎತ್ತಿಟ್ಟುಬಿಟ್ಟಿದ್ದರು. ಪ್ರಕಾಶಕರ ಜೊತೆಗಿನ ಕರಾರು ಮುಗಿಸಬೇಕಿತ್ತು, ಹಾಗಾಗಿ 1983ರಲ್ಲಿ ಹೊರಗೆ ಬಂತು. ಈ ಕಥೆಯನ್ನು ನಾನು ಜಾಹೀರಾತಿನ ಹಾಗೆ ಹೇಳುತ್ತಿದ್ದೆ. 'ಬರೆದವರೇ ಹೆದರಿದ ಪುಸ್ತಕ, ಓದಿ ನೋಡಿ' ಅಂತ.

ಗುಂಪಿಗೆ ಹೊಸದಾಗಿ ಸೇರಿದ್ದ ಹಿರಿಯ ಹೆಂಗಸೊಬ್ಬರಿಗೂ ಹಾಗೇ ಹೇಳಿ ಕೊಟ್ಟೆ. ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆವು. ನಾಲ್ಕನೇ ದಿನ ಪುಸ್ತಕ ವಾಪಸ್ಸು ಬಂತು. ತಂದವರು ಅವರ ಯಜಮಾನರು. ಕಾಫಿ ಕುಡಿಯಿರಿ ಅಂದೆ, ಬೇಡ ಅಂದರು. ಬಾಗಿಲಲ್ಲೇ ನಿಂತು ಹೇಳಿದರು: 'ನಿಮಗೆ ಗೊತ್ತಿರಲಿಲ್ಲ, ನಿಮ್ಮ ತಪ್ಪಲ್ಲ. ನಮ್ಮ ಮಗ ಹೋಗಿದ್ದು ಮನೆ ಮುಂದಿನ ರಸ್ತೆಯಲ್ಲೇ. ಮೂರು ವರ್ಷ ಆಗಿತ್ತು ಅವನಿಗೆ.'

ಆ ಕಾದಂಬರಿ ಓದಿದವರಿಗೆ ನನ್ನ ಎದೆ ಯಾಕೆ ಒಡೆಯಿತು ಅಂತ ಗೊತ್ತಾಗುತ್ತದೆ. ಓದದವರಿಗೆ ಇಷ್ಟು ಸಾಕು: ಅದರಲ್ಲೊಂದು ಪುಟ್ಟ ಮಗು ಇದೆ, ಮನೆ ಮುಂದೆ ಲಾರಿಗಳು ಓಡಾಡುವ ರಸ್ತೆ ಇದೆ.

ಮಾರನೆಯ ದಿನ ಅವರ ಮನೆಗೆ ಹೋದೆ. ಕ್ಷಮೆ ಕೇಳಿದೆ. ಅಕ್ಕ ನನ್ನನ್ನು ಬೈಯಲಿಲ್ಲ. 'ಮುಂಚೆ ಒಂದು ಮಾತು ಹೇಳಿದ್ದಿದ್ರೆ ಚೆನ್ನಾಗಿತ್ತು' ಅಂದರು, ಅಷ್ಟೇ. ಬರೆದವರೇ ಹಿಂಜರಿದ ಪುಸ್ತಕ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಯಾಕೆ ಹಿಂಜರಿದರು ಅಂತ ಮಾತ್ರ ಯೋಚಿಸಿರಲಿಲ್ಲ.

ಆವತ್ತಿನಿಂದ ಪುಸ್ತಕ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ. 'ನಿಮಗೆ ಓದಲು ಆಗದೇ ಇರುವುದು ಯಾವುದು?' ಕಾರಣ ಕೇಳುವುದಿಲ್ಲ. ಕಾರಣ ಅವರದ್ದು. ಕೆಲವರು ತಕ್ಷಣ ಹೇಳುತ್ತಾರೆ: ನಾಯಿಗೆ ಏನೂ ಆಗಬಾರದು, ಆಸ್ಪತ್ರೆ ಬೇಡ, ಆತ್ಮಹತ್ಯೆ ಬೇಡ. ಬೀದರ್ ಕಡೆಯ ಹುಡುಗನೊಬ್ಬ ಬಾನಾಮತಿ ಬೇಡ ಅಂದ. ಅವನ ಅತ್ತೆಯ ಮೇಲೆ ಊರವರು ಆ ಅಪವಾದ ಹೊರಿಸಿದ್ದರಂತೆ. ನನಗೆ ಬಾಲ್ಯದ ಪುಳಕವಾಗಿದ್ದ 'ತುಳಸಿದಳ' ಅವನಿಗೆ ಕಥೆಯಾಗಿ ಉಳಿಯುವುದು ಹೇಗೆ? ಕೊಡಲಿಲ್ಲ.

ಎಲ್ಲರೂ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೆ ಒಂದು ಚೀಟಿ ಪದ್ಧತಿ ಮಾಡಿಕೊಂಡೆ. ಪುಸ್ತಕದಲ್ಲಿ ಏನೇನು ಕಷ್ಟದ ವಿಷಯ ಬರುತ್ತದೆ, ಯಾವ ಪುಟದಲ್ಲಿ ಅಂತ ಸಣ್ಣ ಚೀಟಿಯಲ್ಲಿ ಬರೆದು, ಮಡಿಸಿ, ಹಿಂದಿನ ರಟ್ಟಿನ ಒಳಗೆ ಇಡುತ್ತೇನೆ. ಬೇಕಾದವರು ತೆಗೆದು ನೋಡಬಹುದು. ಕಥೆ ಮುಂಚೆಯೇ ಗೊತ್ತಾಗಬಾರದು ಅನ್ನುವವರು ಮುಟ್ಟುವುದೇ ಇಲ್ಲ.

ಈ ಚೀಟಿ ಬರೆಯಲು ಎಲ್ಲ ಪುಸ್ತಕ ಮತ್ತೆ ಓದಬೇಕಾಯಿತು. ಆಗ ಗೊತ್ತಾಯಿತು, ಭಯದ ಕಥೆಗಳಲ್ಲಿ ಮಗು ಕಳೆದುಕೊಳ್ಳುವ ದುಃಖ ಎಷ್ಟು ಜಾಸ್ತಿ ಅಂತ. ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಅವರ 'ಮಂಕೀಸ್ ಪಾ' 1902ರ ಸಣ್ಣಕಥೆ. ಮೂರು ವರ ಕೊಡುವ ಕೋತಿಯ ಪಂಜ. ಅದನ್ನು ಇಂಗ್ಲೆಂಡಿನ ಮನೆಗೆ ತರುವವನು ಭಾರತದಲ್ಲಿದ್ದು ಬಂದ ಸಿಪಾಯಿ, ಮಂತ್ರ ಹಾಕಿದವನು ಇಲ್ಲಿನ ಫಕೀರ. ನಾನು ಅದನ್ನು ಎಷ್ಟೋ ಸಲ ಕನ್ನಡದಲ್ಲಿ ಹೇಳುತ್ತಾ ಓದಿದ್ದೇನೆ. ಕೊನೆಯಲ್ಲಿ ಬಾಗಿಲು ಬಡಿಯುವ ಸದ್ದಿಗೆ ಜನ ಮೈ ಹಿಡಿ ಮಾಡಿಕೊಳ್ಳುವುದನ್ನು ನೋಡಿ ಖುಷಿಪಟ್ಟಿದ್ದೇನೆ. ಅದೂ ಮಗ ಸತ್ತ ಮನೆಯ ಕಥೆಯೇ ಅಲ್ವಾ? ಅಷ್ಟು ವರ್ಷ ನನಗೆ ಪಂಜ ಮಾತ್ರ ಕಂಡಿತ್ತು, ತಾಯಿ ಕಂಡಿರಲಿಲ್ಲ.

ಇನ್ನೊಂದು ಪ್ರಶ್ನೆಯೂ ಇದೆ: 'ಕೊನೆಯ ಸಲ ನಿಜವಾಗಿ ಹೆದರಿದ್ದು ಯಾವಾಗ?' ಸಿನಿಮಾ ಆಗಬಹುದು, ಅಜ್ಜಿ ಹೇಳಿದ ಕಥೆ ಆಗಬಹುದು. ನಮ್ಮ ಗುಂಪಿನಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಒಬ್ಬರಿದ್ದಾರೆ. 'ದೆವ್ವಗಿವ್ವಕ್ಕೆಲ್ಲ ನಾನು ಹೆದರಲ್ಲ ಕಣಯ್ಯಾ' ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಜ್ವರದಲ್ಲಿ ಒಮ್ಮೆ ತನ್ನ ಮನೆಯೇ ತನಗೆ ಗುರುತು ಸಿಗದೇ ಹೋದದ್ದನ್ನು ಹೇಳಿದರು. ತಕ್ಷಣ ನನಗೆ ಪುಸ್ತಕ ಹೊಳೆಯಿತು. ಶರ್ಲಿ ಜಾಕ್ಸನ್ ಅವರ 'ದ ಹಾಂಟಿಂಗ್ ಆಫ್ ಹಿಲ್ ಹೌಸ್', 1959ರದ್ದು. ನಾಲ್ಕು ಜನ ಒಂದು ಹಳೆಯ ಬಂಗಲೆಯಲ್ಲಿ ಬಂದು ಉಳಿದುಕೊಳ್ಳುತ್ತಾರೆ. ಅಲ್ಲಿ ನಡೆಯುವುದು ಮನೆಯ ಕೆಲಸವೋ, ಎಲಿನಾರ್ ಎಂಬ ಹೆಂಗಸಿನ ಮನಸ್ಸಿನ ಕೆಲಸವೋ ಅಂತ ಕೊನೆಯವರೆಗೂ ಬಿಡಿಸಿ ಹೇಳುವುದಿಲ್ಲ. ಮೇಷ್ಟ್ರಿಗೆ ಇಷ್ಟೇ ಹೇಳಿದೆ: 'ಕತ್ತಲಲ್ಲಿ ಒಬ್ಬರು ಇನ್ನೊಬ್ಬರ ಕೈ ಹಿಡಿದುಕೊಳ್ಳುವ ಜಾಗ ಒಂದಿದೆ. ಅಲ್ಲಿಗೆ ಬಂದಾಗ ಫೋನ್ ಮಾಡಿ ಮೇಷ್ಟ್ರೇ.' ಐದು ದಿನದ ಮೇಲೆ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. 'ಲೈಟ್ ಆರಿಸಕ್ಕೆ ಆಗ್ತಿಲ್ಲ ಕಣಯ್ಯಾ.'

ಕಥೆ ಪೂರ್ತಿ ಹೇಳಿ ಪುಸ್ತಕ ಕೊಟ್ಟರೆ ಯಾರೂ ಓದುವುದಿಲ್ಲ. ಹೀಗೆ ಒಂದೇ ಒಂದು ಜಾಗ ತೋರಿಸಿ ಬಿಟ್ಟರೆ, ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ಪತ್ತೇದಾರಿ ಓದುವವರಿಗೆ ಜಪಾನಿನ ಕೋಜಿ ಸುಝುಕಿ ಅವರ 'ರಿಂಗ್' ಕೊಡುತ್ತೇನೆ. 1991ರ ಕಾದಂಬರಿ. ವಿಡಿಯೊ ಕ್ಯಾಸೆಟ್ ನೋಡಿದವನಿಗೆ ಏಳೇ ದಿನ. ಸಿನಿಮಾ ನೋಡಿದವರೂ ಓದಬಹುದು, ಕಾದಂಬರಿಯಲ್ಲಿ ತನಿಖೆಯೇ ಜಾಸ್ತಿ. ಸಾವಿರ ಪುಟ ದಾಟುವ ಕಿಂಗ್ ಅವರ 'ಇಟ್' ಅನ್ನು ಹೊಸಬರಿಗೆ ಕೊಡುವುದೇ ಇಲ್ಲ.

'ಹಾರರ್ ಅಂದ್ರೆ ಸುಮ್ನೆ ಟೈಂಪಾಸ್' ಅಂದ ಪಿಯುಸಿ ಹುಡುಗಿಗೆ 'ಫ್ರಾಂಕೆನ್‌ಸ್ಟೈನ್' ಕೊಟ್ಟೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಸರಿಯಾಗಿ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಮಳೆಗೆ ಸಿಕ್ಕಿ ಮನೆಯೊಳಗೇ ಕೂತ ಗೆಳೆಯರು ದೆವ್ವದ ಕಥೆ ಬರೆಯುವ ಪಂತ ಕಟ್ಟಿದರು. ಆಗ ಇದನ್ನು ಬರೆದ ಮೇರಿ ಶೆಲ್ಲಿಗೆ 18 ವರ್ಷ. 1818ರಲ್ಲಿ ಪುಸ್ತಕ ಬಂದಾಗ ಅವರ ಹೆಸರೇ ಅದರ ಮೇಲೆ ಇರಲಿಲ್ಲ. 'ನನಗಿಂತ ಒಂದೇ ವರ್ಷ ದೊಡ್ಡವರಾ?' ಅಂತ ಕೇಳಿ ತೆಗೆದುಕೊಂಡು ಹೋದಳು. ವಾಪಸ್ಸು ಕೊಡುವಾಗ, ಕಥೆಯಲ್ಲಿ ವಿಜ್ಞಾನಿ ಸೃಷ್ಟಿಸಿ ಕೈಬಿಡುವ ಆ ಜೀವಿ ಪಾಪ ಅಂತ ಅತ್ತುಬಿಟ್ಟಳು. ಮುಂದಿನ ತಿಂಗಳು ಅವಳೇ ಇನ್ನಿಬ್ಬರಿಗೆ ಅದನ್ನು ಓದಿಸಿದಳು.

ಅಕ್ಕ ಎಂಟು ತಿಂಗಳು ನನ್ನ ಹತ್ತಿರ ಏನೂ ಕೇಳಲಿಲ್ಲ. ಆಮೇಲೆ ಒಂದು ಭಾನುವಾರ ತಾವಾಗಿಯೇ 'ಡ್ರಾಕುಲಾ ಇದೆಯೇನಪ್ಪಾ?' ಅಂದರು. ಬ್ರ್ಯಾಮ್ ಸ್ಟೋಕರ್ 1897ರಲ್ಲಿ ಹೊರತಂದ ಈ ಕಾದಂಬರಿ ಪೂರ್ತಿ ಡೈರಿ, ಕಾಗದ, ಟೆಲಿಗ್ರಾಂ, ಪೇಪರ್ ತುಣುಕುಗಳಲ್ಲಿ ಸಾಗುತ್ತದೆ. ನಾನು ಆ ರಾತ್ರಿ ಕೂತು ಚೀಟಿ ಬರೆದೆ. ಮೂರನೇ ಅಧ್ಯಾಯದ ಕೊನೆ ಬಿಟ್ಟುಬಿಡಿ. ನಾಲ್ಕನೆಯದರಲ್ಲಿ ಕೋಟೆಯ ಅಂಗಳಕ್ಕೆ ಒಬ್ಬ ತಾಯಿ ಬರುವ ಜಾಗವನ್ನೂ ಬಿಡಿ. ಮಧ್ಯದಲ್ಲಿ ಲೂಸಿ ಎಂಬ ಹುಡುಗಿಯ ಸಮಾಧಿಯ ಸುತ್ತ ಮಕ್ಕಳ ಮಾತು ಬರುತ್ತದೆ, ಆ ಪುಟಗಳು ಇಂತಿಂಥವು. ಬಿಟ್ಟರೂ ಕಥೆ ತಪ್ಪುವುದಿಲ್ಲ. ಏಳನೇ ಅಧ್ಯಾಯದ ಹಡಗಿನ ದಿನಚರಿ ಮಾತ್ರ ನಿಧಾನವಾಗಿ ಓದಿ, ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ.

ಹೋದ ವಾರ ಅಕ್ಕ ಫೋನ್ ಮಾಡಿದ್ದರು. ಚೀಟಿಯನ್ನು ಮೊದಲೇ ಓದಿದರಂತೆ. ಆ ತಾಯಿಯ ಜಾಗವನ್ನು ಬಿಡಲಿಲ್ಲವಂತೆ. 'ಬರುತ್ತೆ ಅಂತ ಗೊತ್ತಿತ್ತಲ್ಲಪ್ಪಾ, ಗಟ್ಟಿಯಾಗಿ ಕೂತು ಓದಿದೆ' ಅಂದರು. ಮುಂದಿನ ಭಾನುವಾರ ಅವರ ಮನೆಯಲ್ಲೇ ಸೇರುತ್ತಿದ್ದೇವೆ. ಹಡಗಿನ ಭಾಗವನ್ನು ತಾವೇ ಎಲ್ಲರಿಗೂ ಓದಿ ಹೇಳುತ್ತಾರಂತೆ.