ಗ್ರೂಪಿಗೆ ಬಂದ ಭಯದ ವಿಡಿಯೊ: ಮೂಲ ಹುಡುಕುವುದು ಹೀಗೆ

2018ರಲ್ಲಿ ಕರ್ನಾಟಕದ ಮೊಬೈಲುಗಳಲ್ಲಿ ಒಂದು ವಿಡಿಯೊ ಓಡಾಡಿತು. ಬೀದಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಪರಾರಿಯಾಗುತ್ತಾರೆ. ಜೊತೆಗೆ ‘ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರ್’ ಎಂಬ ಒಕ್ಕಣೆ. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ 2016ರಲ್ಲಿ ತಯಾರಾದ ಜಾಗೃತಿ ಚಿತ್ರ. ಬೈಕಿನವರು ಹಿಂತಿರುಗಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ಹಿಡಿದು ತೋರಿಸುವುದು ಅದರ ಕೊನೆ. ಯಾರೋ ಆ ಕೊನೆಯನ್ನಷ್ಟೇ ಕತ್ತರಿಸಿದ್ದರು. ಆ ವದಂತಿಗಳ ಕಾಲದಲ್ಲೇ, ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ತಲಾ ಒಬ್ಬರನ್ನು ಮಕ್ಕಳ ಕಳ್ಳರೆಂದು ಜನ ಹೊಡೆದು ಕೊಂದರು. ಮುರ್ಕಿಯಲ್ಲಿ ಸಿಕ್ಕಿಬಿದ್ದವರ ‘ತಪ್ಪು’ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು.

ಇಂಥ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಸುಳ್ಳು ಹಬ್ಬಿಸುವವರು ದೃಶ್ಯವನ್ನು ಹೊಸದಾಗಿ ಸೃಷ್ಟಿಸಿರುವುದಿಲ್ಲ. ಊರು, ದಿನ, ಒಕ್ಕಣೆ ಬದಲಾಗಿರುತ್ತವೆ. ಹಾಗಾಗಿ ಹುಡುಕಬೇಕಾದದ್ದು, ಅದು ಮೊದಲು ಎಲ್ಲಿ, ಯಾವಾಗ ಕಾಣಿಸಿಕೊಂಡಿತು ಎಂಬುದನ್ನು.

ಮೊದಲು, ಸಂದೇಶ ಫಾರ್ವರ್ಡ್ ಆಗಿ ಬಂದದ್ದೆಂದು ತೋರಿಸುವ ಬಾಣದ ಗುರುತು ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಜೋಡಿ ಬಾಣ ಇದ್ದರೆ ಆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ. ಬಾಣವೇ ಇಲ್ಲದಿದ್ದರೆ ಕಳಿಸಿದವರೇ ತೆಗೆದ ವಿಡಿಯೊ ಅಂದುಕೊಳ್ಳಬೇಡಿ. ಗ್ಯಾಲರಿಯಿಂದ ಹೊಸದಾಗಿ ಕಳಿಸಿದರೆ ಗುರುತು ಇರುವುದಿಲ್ಲ.

ಆಮೇಲೆ ದನಿ ಮುಚ್ಚಿ ಒಮ್ಮೆ ನೋಡಿ, ಫೋನ್ ಮಗುಚಿಟ್ಟು ಒಮ್ಮೆ ಕೇಳಿ. ಬೀದಿಯ ಗದ್ದಲವೇ ಇಲ್ಲದೆ ಒಬ್ಬರ ಮಾತು ಮಾತ್ರ ಸ್ಪಷ್ಟವಾಗಿ ಕೇಳಿದರೆ, ಆ ದನಿ ಬಹುತೇಕ ನಂತರ ಅಂಟಿಸಿದ್ದು. ದೃಶ್ಯ ಹಠಾತ್ತನೆ ನಿಂತರೆ ಮುಂದೇನಾಯಿತು ಎಂಬ ಅನುಮಾನ ಇರಲಿ.

ಮುಖ್ಯ ಕೆಲಸ ಈಗ. ವಿಡಿಯೊ ನಿಲ್ಲಿಸಿ ನಾಲ್ಕೈದು ಸ್ಕ್ರೀನ್‌ಶಾಟ್ ತೆಗೆಯಿರಿ. ಕ್ಯಾಮೆರಾ ಅಲುಗಾಡದೆ ನಿಂತ ಕ್ಷಣವನ್ನೇ ಆರಿಸಿ; ಓಡುವ ಬೈಕಿನ ಮಸುಕು ಚಿತ್ರ ಕೊಟ್ಟರೆ ಜಗತ್ತಿನ ಬೈಕುಗಳೆಲ್ಲ ಎದುರು ಬಂದು ನಿಲ್ಲುತ್ತವೆ. ಒಂದರಲ್ಲಿ ಇಡೀ ಬೀದಿ ಕಾಣಲಿ, ಒಂದರಲ್ಲಿ ಅಂಗಡಿಯ ಬೋರ್ಡು, ಇನ್ನೊಂದರಲ್ಲಿ ಪೊಲೀಸರ ಸಮವಸ್ತ್ರ ಅಥವಾ ವಾಹನದ ನಂಬರ್. ಬೀದರದ ಘಟನೆ ಎನ್ನುವ ವಿಡಿಯೊದಲ್ಲಿ ಅಲ್ಲಿನ ನೋಂದಣಿಯ ಕೆಎ 38 ಒಂದೂ ಕಾಣದೆ ಬೇರೆ ರಾಜ್ಯದ ಪ್ಲೇಟುಗಳೇ ತುಂಬಿದ್ದರೆ ಅದೇ ಸುಳಿವು. ಮೇಲೆ ಅಂಟಿಸಿದ ಕೆಂಪಕ್ಷರ, ಇಮೋಜಿ, ಕೆಳಗಿನ ಕಪ್ಪು ಪಟ್ಟಿಯನ್ನೆಲ್ಲ ಕತ್ತರಿಸಿ ಹಾಕಿ. ಇಲ್ಲದಿದ್ದರೆ ಹುಡುಕಾಟ ಅವುಗಳ ಬೆನ್ನು ಹತ್ತುತ್ತದೆ.

ಆ ಚಿತ್ರಗಳನ್ನು ಒಂದೊಂದಾಗಿ, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಕೊಡಿ. ಮೊದಲು ಬರುವ ಫಲಿತಾಂಶ ಹಳೆಯದೇ ಆಗಿರಬೇಕಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ: ಅದೇ ಸುಳ್ಳನ್ನು ಹಂಚಿದ ಹತ್ತು ಪುಟ ಕಂಡ ಕೂಡಲೇ ‘ಎಲ್ಲ ಕಡೆ ಬಂದಿದೆ, ನಿಜ’ ಅಂದುಬಿಡುತ್ತಾರೆ. ಚಿತ್ರ ಹುಡುಕುವ ಇನ್ನೊಂದು ತಾಣ ಟಿನ್‌ಐನಲ್ಲಿ (TinEye) ಫಲಿತಾಂಶವನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಬಹುದು. ಏನೂ ಸಿಗದಿದ್ದರೆ ಚಿತ್ರವನ್ನು ಎಡಬಲ ತಿರುಗಿಸಿ ಮತ್ತೆ ಕೊಡಿ. ಪತ್ತೆ ತಪ್ಪಿಸಲು ವಿಡಿಯೊವನ್ನು ಕನ್ನಡಿಯಂತೆ ಮಗುಚುವವರಿದ್ದಾರೆ, ಬೋರ್ಡಿನ ಅಕ್ಷರ ಉಲ್ಟಾ ಇದ್ದರೆ ಗೊತ್ತಾಗುತ್ತದೆ. ಆಗಲೂ ಸಿಗಲಿಲ್ಲವೆಂದರೆ ವಿಡಿಯೊ ನಿಜ ಎಂದಾಗಲಿಲ್ಲ, ಗೊತ್ತಾಗಲಿಲ್ಲ ಎಂದಷ್ಟೇ.

ಫೈಲಿನ ದಿನಾಂಕ ನೋಡಿ ‘ಇವತ್ತಿನದೇ’ ಎನ್ನುವವರಿಗೊಂದು ಮಾತು. ಸಾಮಾನ್ಯವಾಗಿ ಅದು ನಿಮ್ಮ ಫೋನಿಗೆ ವಿಡಿಯೊ ಇಳಿದ ದಿನ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದಲ್ಲಿ, ತೆಗೆದ ಜಾಗ ಮತ್ತು ಹೊತ್ತಿನ ವಿವರ ಉಳಿಯುವುದಿಲ್ಲ.

ಕಂಡದ್ದನ್ನು ಮಾತಿನಲ್ಲೂ ಹುಡುಕಿ: ‘ಬೈಕ್ ಮಗು ಅಪಹರಣ ವಿಡಿಯೊ ಫ್ಯಾಕ್ಟ್ ಚೆಕ್’. ಕನ್ನಡದಲ್ಲಿ ಸಿಗದಿದ್ದರೆ ಹಿಂದಿ, ಇಂಗ್ಲಿಷಿನಲ್ಲಿ ಪ್ರಯತ್ನಿಸಿ. ಇಂಥ ವಿಡಿಯೊಗಳು ಬೇರೆ ರಾಜ್ಯ ಸುತ್ತಿ ಬಂದಿರುವುದೇ ಹೆಚ್ಚು. ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿಯ ಫ್ಯಾಕ್ಟ್ ಚೆಕ್ ವಿಭಾಗ ಕೇಂದ್ರದ ಯೋಜನೆ, ಆದೇಶಗಳ ವಿಷಯವನ್ನಷ್ಟೇ ನೋಡುತ್ತದೆ, ಮಕ್ಕಳ ಕಳ್ಳರ ವಿಡಿಯೊ ಅಲ್ಲಿಗೆ ಕಳಿಸಿ ಕಾಯಬೇಡಿ. ಊರಿನ ಹೆಸರಿದ್ದರೆ ಆ ಠಾಣೆಗೇ ಫೋನ್ ಮಾಡಿ. ಕಣ್ಣೆದುರೇ ಯಾರನ್ನಾದರೂ ಜನ ಸುತ್ತುವರಿದಿದ್ದರೆ ಹುಡುಕಾಟ ಬದಿಗಿಟ್ಟು ತಕ್ಷಣ 112.

ಸುಳ್ಳೆಂದು ತಿಳಿದ ಮೇಲೆ ಗ್ರೂಪಿಗೆ ಬರೀ ‘ಫೇಕ್’ ಎಂದು ಹಾಕಿದರೆ ಯಾರೂ ಕೇಳುವುದಿಲ್ಲ, ಕಳಿಸಿದ ಚಿಕ್ಕಪ್ಪನಿಗೆ ಮುಖಭಂಗ ಬೇರೆ. ಹಳೆಯ ವಿಡಿಯೊದ ಕೊಂಡಿ, ವರ್ಷ, ಊರು ಮೂರನ್ನೂ ಅದೇ ಸಂದೇಶಕ್ಕೆ ಉತ್ತರವಾಗಿ ಹಾಕಿ. ನೀವೇ ಕಳಿಸಿದ್ದಾದರೆ ಎಲ್ಲರಿಗೂ ಅಳಿಸುವ ಅವಕಾಶ ಸುಮಾರು ಎರಡು ದಿನ ಇರುತ್ತದೆ. ಆದರೆ ಅಷ್ಟರಲ್ಲಿ ಮುಂದೆ ಹೋದ ಪ್ರತಿಗಳು ಅಳಿಯುವುದಿಲ್ಲ. ಯಾರ್‍ಯಾರಿಗೆ ಕಳಿಸಿದ್ದಿರೋ ಅವರಿಗೆಲ್ಲ ಒಬ್ಬೊಬ್ಬರಿಗೇ ತಿದ್ದುಪಡಿ ಕಳಿಸಬೇಕು.